ಚಿಲ್ಲರೆಯಲ್ಲಿ ಬಸವಣ್ಣ, ನಾರಾಯಣ ಗುರು

ಅಂಗಡಿಯಲ್ಲೋ ಬಸ್ಸಿನಲ್ಲೋ ಮರಳಿ ಬರುವ ಚಿಲ್ಲರೆಯನ್ನು ಅಡೂರಿನ ವಿದ್ಯಾರ್ಥಿಗಳು ಒಮ್ಮೆ ಮಗುಚಿ ನೋಡಬೇಕು. ಮಹನೀಯರ ಅಥವಾ ಮಹತ್ವದ ಘಟನೆಗಳ ನೆನಪಿಗಾಗಿ ಟಂಕಿಸಿದವು ಸ್ಮರಣಾರ್ಥ ನಾಣ್ಯಗಳು. ಸ್ವತಂತ್ರ ಭಾರತದಲ್ಲಿ ಈ ಪರಂಪರೆ 1964ರಲ್ಲಿ ನೆಹರೂ ಅವರ ನಾಣ್ಯಗಳಿಂದ ಆರಂಭವಾಯಿತು.

ಗಡಿನಾಡಿನ ನಮಗೆ ಎರಡು ನಾಣ್ಯಗಳು ವಿಶೇಷ: 2006ರ ಇಸವಿಯುಳ್ಳ, ಬಸವೇಶ್ವರರ ಮತ್ತು ನಾರಾಯಣ ಗುರುಗಳ 5 ರೂಪಾಯಿ ನಾಣ್ಯಗಳು. ಒಬ್ಬರು ಕನ್ನಡ ನಾಡಿನವರು, ಇನ್ನೊಬ್ಬರು ಕೇರಳದವರು. ಜಾತಿಭೇದವನ್ನು ಇಬ್ಬರೂ ವಿರೋಧಿಸಿದರು.

ಇಸವಿಯ ಕೆಳಗಿನ ಗುರುತು ಸಾಮಾನ್ಯವಾಗಿ ಟಂಕಸಾಲೆಯನ್ನು ತಿಳಿಸುತ್ತದೆ: ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಗುರುತೇ ಇಲ್ಲದಿದ್ದರೆ ಕೋಲ್ಕತ್ತ. ನಾಣ್ಯವನ್ನು ಹುಣಸೆಹುಳಿಯಿಂದ ಉಜ್ಜಬಾರದು. ಮೇಲ್ಮೈ ಕೆಟ್ಟರೆ ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಬೆಲೆ ಕುಗ್ಗುತ್ತದೆ.

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ ಕೊಡುವೆವೆಂದು ಆಮಿಷವೊಡ್ಡಿ, ಮೊದಲೇ ಶುಲ್ಕ ಕೇಳುವವರನ್ನು ಹೆತ್ತವರು ನಂಬಬಾರದು. ತನ್ನ ಹೆಸರಿನಲ್ಲಿ ನಡೆಯುವ ಇಂತಹ ವಂಚನೆಯ ಕುರಿತು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಮಕ್ಕಳ ಸಂಗ್ರಹಕ್ಕೆ ಒಂದು ಒಣ ಡಬ್ಬಿಯೂ ಒಂದು ನೋಟುಪುಸ್ತಕವೂ ಸಾಕು. ನಾಣ್ಯದಲ್ಲಿರುವವರು ಯಾರು, ಏನು ಮಾಡಿದರು ಎಂಬುದನ್ನು ಮಗು ಕನ್ನಡದಲ್ಲಿ ಬರೆದಿಟ್ಟರೆ ಆ 5 ರೂಪಾಯಿಗೆ ನಿಜವಾದ ಬೆಲೆ ಬಂದಂತೆ.