ಹಂಚಿಕೊಂಡ ಕಡತಕ್ಕೆ ವಾರಸುದಾರರು ಯಾರು?

ಧಾರವಾಡ, ಮೈಸೂರು ಹಾಗೂ ಮಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಐವರು ಅರ್ಥಶಾಸ್ತ್ರ ವಿದ್ಯಾರ್ಥಿಗಳು ಕೂಡಿ ಗ್ರಾಮೀಣ ಸಾಲದ ಬಗ್ಗೆ ಸಮೀಕ್ಷೆ ಕೈಗೊಂಡಿದ್ದಾರೆಂದು ಭಾವಿಸೋಣ. ಒಂದು ಕಾಲದಲ್ಲಿ ಇಂತಹ ಕೆಲಸಕ್ಕೆ ಅಂಚೆಯಣ್ಣನ ಕೃಪೆಯೂ ಅಪಾರ ತಾಳ್ಮೆಯೂ ಬೇಕಾಗಿದ್ದವು. ಇಂದು ಪ್ರಶ್ನಾವಳಿ, ಅಂಕಿಅಂಶಗಳ ಕೋಷ್ಟಕ, ಕರಡು ವರದಿ ಎಲ್ಲವೂ ಅಂತರಜಾಲದ ಒಂದೇ ಫೋಲ್ಡರಿನಲ್ಲಿ ಐವರಿಗೂ ಏಕಕಾಲಕ್ಕೆ ಲಭ್ಯ.

ಡ್ರಾಪ್‌ಬಾಕ್ಸ್ 2008ರಲ್ಲಿ, ಗೂಗಲ್ ಡ್ರೈವ್ 2012ರಲ್ಲಿ ಸಾರ್ವಜನಿಕ ಬಳಕೆಗೆ ಬಂದವು. ಅದಕ್ಕೆ ಮುನ್ನ ಇ-ಮೇಲ್‌ಗೆ ಲಗತ್ತಿಸಿ ಕಳುಹಿಸಿದ 'ಅಂತಿಮ', 'ಅಂತಿಮ 2', 'ಹೊಸ ಅಂತಿಮ' ಎಂಬ ಕರಡುಗಳಲ್ಲಿ ಯಾವುದು ನಿಜಕ್ಕೂ ಅಂತಿಮ ಎಂದು ಹುಡುಕುವುದೇ ಒಂದು ಕೆಲಸವಾಗಿತ್ತು. ಆ ಗೊಂದಲ ಈಗ ಬಹುಮಟ್ಟಿಗೆ ನಿವಾರಣೆಯಾಗಿದೆ. ಆದರೆ ಅದಕ್ಕಿಂತ ಗಂಭೀರವಾದ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದಿದೆ: ಹಂಚಿಕೊಂಡ ಕಡತ ಯಾರದು?

ಹಂಚಿಕೊಂಡ ಮಾತ್ರಕ್ಕೆ ಕಡತವು ಗುಂಪಿನ ಸ್ವತ್ತಾಗುವುದಿಲ್ಲ. ವೈಯಕ್ತಿಕ ಖಾತೆಗಳಲ್ಲಿ ಅದು ಸೃಷ್ಟಿಸಿದವರ ಹೆಸರಿನಲ್ಲೇ ಇರುತ್ತದೆ. ಆ ವಿದ್ಯಾರ್ಥಿ ಅದನ್ನು ಶಾಶ್ವತವಾಗಿ ಅಳಿಸಿದರೆ ಉಳಿದ ನಾಲ್ವರ ಶ್ರಮವೂ ಅದರೊಂದಿಗೇ ಹೋಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ತೆಗೆದುಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ವಿಶ್ವವಿದ್ಯಾಲಯ ನೀಡಿದ ಖಾತೆಯಾದರೆ ತೊಡಕು ಇನ್ನೊಂದು ಬಗೆಯದು. ಒಂದು ಸಂಸ್ಥೆಯ ಗೂಗಲ್ ಖಾತೆಯಲ್ಲಿರುವ ಕಡತದ ಒಡೆತನವನ್ನು ಮತ್ತೊಂದು ಸಂಸ್ಥೆಯ ಖಾತೆಗೆ ನೇರವಾಗಿ ವರ್ಗಾಯಿಸಲಾಗದು; ನಕಲು ಮಾಡಿಕೊಳ್ಳಬೇಕು. ನಕಲಿನಲ್ಲಿ ಹಳೆಯ ತಿದ್ದುಪಡಿಗಳ ಇತಿಹಾಸ ಉಳಿಯುವುದಿಲ್ಲ. ಯಾರು ಏನನ್ನು ಬರೆದರು ಎಂಬುದಕ್ಕೆ ಇದ್ದ ಏಕೈಕ ಸಾಕ್ಷ್ಯವೇ ಅಲ್ಲಿಗೆ ಅಳಿಯುತ್ತದೆ.

ಉಚಿತ ಎಂಬ ಮಾತಿಗೂ ಮಿತಿಯುಂಟು. ಶಿಕ್ಷಣ ಸಂಸ್ಥೆಗಳಿಗೆ ಅಪರಿಮಿತ ಸಂಗ್ರಹ ನೀಡುತ್ತಿದ್ದ ಗೂಗಲ್, 2021ರಲ್ಲಿ ಹೊಸ ನೀತಿ ಪ್ರಕಟಿಸಿ ಪ್ರತಿ ಸಂಸ್ಥೆಗೆ ಒಟ್ಟು 100 ಟೆರಾಬೈಟ್‌ಗಳ ಮೂಲಮಿತಿ ವಿಧಿಸಿತು. ಇಂದು ಧಾರಾಳವಾಗಿ ಕೊಟ್ಟವರು ನಾಳೆ ಷರತ್ತು ಹಾಕಿದರೆ ಅದು ಅವರ ಹಕ್ಕು. ಅದನ್ನೇ ನಂಬಿ ಕುಳಿತವರ ಪಾಡು ಮಾತ್ರ ಕಷ್ಟ.

ಸಾಮುದಾಯಿಕ ಸಂಪನ್ಮೂಲಗಳ ನಿರ್ವಹಣೆ ಕುರಿತ ಅಧ್ಯಯನಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರೋಮ್ ಅವರ ವಿಚಾರ ಇಲ್ಲಿ ಪ್ರಸ್ತುತ. ಹುಲ್ಲುಗಾವಲಾಗಲಿ, ನೀರಿನ ಕಾಲುವೆಯಾಗಲಿ, ಪಾಲುದಾರರು ಯಾರೆಂಬುದು ಸ್ಪಷ್ಟವಾಗಿದ್ದು, ನಿಯಮಗಳನ್ನು ಬಳಸುವವರೇ ರೂಪಿಸಿ, ಪಾಲನೆಯ ಮೇಲೆ ಕಣ್ಣಿಟ್ಟಿದ್ದಲ್ಲಿ ಅವು ದೀರ್ಘಕಾಲ ಬಾಳಿವೆ ಎಂದು ಅವರು ತೋರಿಸಿಕೊಟ್ಟರು. ಹಂಚಿಕೊಂಡ ಫೋಲ್ಡರಿಗೂ ಇದೇ ನ್ಯಾಯ. ತಿದ್ದುವ ಅಧಿಕಾರ ಯಾರಿಗೆ, ಬರೇ ಓದುವ ಅವಕಾಶ ಯಾರಿಗೆ, ವಾರಕ್ಕೊಮ್ಮೆ ಪ್ರತಿ ತೆಗೆದಿಡುವವರು ಯಾರು ಎಂಬುದು ಮೊದಲ ದಿನವೇ ನಿರ್ಧಾರವಾಗಬೇಕು. ಸಾಲಗಾರ ರೈತರ ಹೆಸರು, ಮೊಬೈಲ್ ಸಂಖ್ಯೆಗಳಿರುವ ಹಾಳೆಯನ್ನು ಕೊಂಡಿ ಸಿಕ್ಕವರೆಲ್ಲ ತೆರೆಯುವಂತೆ ಬಿಡುವುದು ನಂಬಿ ಮಾಹಿತಿ ಕೊಟ್ಟವರಿಗೆ ಬಗೆಯುವ ದ್ರೋಹ. ಕನ್ನಡದಲ್ಲಿ ಬರೆಯುವವರು ಯುನಿಕೋಡ್ ಬಳಸುವುದೂ ಅಗತ್ಯ. ಹಳೆಯ ಫಾಂಟುಗಳಲ್ಲಿ ಬರೆದುದು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಆದರೆ ಎಲ್ಲ ಹೊಣೆಯನ್ನೂ ವಿದ್ಯಾರ್ಥಿಗಳ ತಲೆಗೆ ಕಟ್ಟುವುದು ಸರಿಯಲ್ಲ. ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ವಿಶ್ವವಿದ್ಯಾಲಯಗಳು ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2015ರಲ್ಲಿ 'ಸೀಬೋ' ಎಂಬ ತಮ್ಮದೇ ಕಡತ ಹಂಚಿಕೆ ಸೇವೆ ಆರಂಭಿಸಿದವು. ಅದರ ದತ್ತಾಂಶ ಇರುವುದು ವಿಶ್ವವಿದ್ಯಾಲಯಗಳದೇ ಯಂತ್ರಗಳಲ್ಲಿ. ನಮ್ಮಲ್ಲಿಯೂ ಅಡಿಪಾಯವಿಲ್ಲದೆ ಇಲ್ಲ. ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳನ್ನು ವೇಗದ ಜಾಲದಿಂದ ಬೆಸೆಯುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸರ್ಕಾರ 2010ರಲ್ಲೇ ಒಪ್ಪಿಗೆ ನೀಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ'ದಲ್ಲಿ ದೇಶದ ನಾನಾ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಒಂದೆಡೆ ಸಿಗುತ್ತವೆ. ಮುಗಿದ ಸಂಶೋಧನೆಗೆ ಒಂದು ಸಾರ್ವಜನಿಕ ಭಂಡಾರ ಕಟ್ಟಿದವರಿಗೆ, ನಡೆಯುತ್ತಿರುವ ಕೆಲಸಕ್ಕೂ ಅಂಥದೊಂದು ನೆಲೆ ಒದಗಿಸುವುದು ಅಸಾಧ್ಯವೇನಲ್ಲ. ರಾಜ್ಯದ ವಿಶ್ವವಿದ್ಯಾಲಯಗಳು ಒಗ್ಗೂಡಿದರೆ ವೆಚ್ಚವೂ ಹಂಚಿಹೋಗುತ್ತದೆ.

ಸರ್ಕಾರಿ ಕಚೇರಿಯ ಕಡತವನ್ನು ಜನ ಗೇಲಿ ಮಾಡುವುದು ಅದರ ನಿಧಾನಗತಿಗಾಗಿ. ಆದರೆ ಅದರಲ್ಲೊಂದು ವಿವೇಕವೂ ಇತ್ತು. ಟಿಪ್ಪಣಿ ಹಾಳೆಯಲ್ಲಿ ಬರೆದವರ ಸಹಿ, ದಿನಾಂಕ ಇರುತ್ತಿದ್ದವು. ಅಧಿಕಾರಿ ವರ್ಗವಾದರೆ ಪಟ್ಟಿ ಸಮೇತ ಪ್ರಭಾರ ವಹಿಸಿಕೊಟ್ಟೇ ಹೊರಡಬೇಕಿತ್ತು. ಕಡತ ಹುದ್ದೆಗೆ ಸೇರಿದ್ದೇ ಹೊರತು ವ್ಯಕ್ತಿಗಲ್ಲ. ಓದು ಮುಗಿಸಿ ಹೊರಡುವ ವಿದ್ಯಾರ್ಥಿಯೂ ತನ್ನ ಖಾತೆಯಲ್ಲಿರುವ ಗುಂಪಿನ ಕೆಲಸವನ್ನು ಹೀಗೆ ವಹಿಸಿಕೊಟ್ಟು ಹೋಗುವ ಏರ್ಪಾಡು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಗಬೇಕು.