ಮನೆಯೊಳಗಿನ ಸೈಕಲ್: ಯಾವುದು ಹಿತ, ಎಷ್ಟು ಮಿತ?

2020ರ ಡಿಸೆಂಬರ್ 9ರಂದು ಸೈಕ್ಲಿಂಗಿನಲ್ಲಿ ಒಂದು ವಿಚಿತ್ರ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸ್ಪರ್ಧಿಗಳಲ್ಲಿ ಯಾರೂ ರಸ್ತೆಗೆ ಇಳಿಯಲಿಲ್ಲ. ಒಬ್ಬೊಬ್ಬರು ಒಂದೊಂದು ದೇಶದಲ್ಲಿ, ನಾಲ್ಕು ಗೋಡೆಗಳ ನಡುವೆ, ಪರದೆಯ ಮುಂದೆ ಕುಳಿತು ಪೆಡಲ್ ತುಳಿದರು. ಪುರುಷರ ವಿಭಾಗದಲ್ಲಿ ಗೆದ್ದವರು ಜರ್ಮನಿಯ ಜೇಸನ್ ಓಸ್ಬೋರ್ನ್. ಇವರು ಮೂಲತಃ ದೋಣಿ ಸ್ಪರ್ಧೆಯವರು. ಮರುವರ್ಷ ಟೋಕಿಯೊ ಒಲಿಂಪಿಕ್ಸಿನ ರೋಯಿಂಗ್‌ನಲ್ಲಿ ಬೆಳ್ಳಿ ಪದಕವನ್ನೂ ಪಡೆದರು. ಮಹಿಳೆಯರಲ್ಲಿ ದಕ್ಷಿಣ ಆಫ್ರಿಕಾದ ಆ್ಯಶ್ಲೀ ಮೂಲ್‌ಮನ್ ಪಾಸಿಯೊ ಗೆದ್ದರು.

ಕೊರೊನಾ ಕಾಲದಲ್ಲಿ ಹೀಗೆ ಮನೆ ಹೊಕ್ಕ ಸೈಕ್ಲಿಂಗ್ ಮತ್ತೆ ಹೊರಗೆ ಹೋಗಲಿಲ್ಲ. ವಾಹನಗಳ ದಟ್ಟಣೆ, ಹೊಗೆ, ಮಳೆ, ಬೆಳಗಿನ ಟ್ಯೂಷನ್, ಸಂಜೆಯ ಕತ್ತಲು – ಇವೆಲ್ಲ ಸೇರಿ ನಗರದ ವಿದ್ಯಾರ್ಥಿಗೆ ರಸ್ತೆಯಲ್ಲಿ ಅಭ್ಯಾಸ ಮಾಡುವುದೇ ಕಷ್ಟವಾಗಿದೆ. ಸೈಕ್ಲಿಂಗಿಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊತ್ತು ಏರಿದ ಮೇಲೆ ಹೊರಗೆ ತುಳಿಯುವುದು ಅಪಾಯ. ಹಾಗಾಗಿ ಮಕ್ಕಳು 'ಮನೆಯಲ್ಲೇ ತುಳಿಯುವ ಯಂತ್ರ ಕೊಡಿಸಿ' ಎಂದು ಕೇಳಿದರೆ ಅದು ಬರೀ ಶೋಕಿಯ ಮಾತಲ್ಲ. ಆದರೆ ಅಂಗಡಿಗೆ ಹೋದ ಹೆತ್ತವರ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ: ಒಂದು ಸ್ಮಾರ್ಟ್ ಬೈಕ್, ಇನ್ನೊಂದು ಟರ್ಬೊ ಟ್ರೈನರ್. ಯಾವುದನ್ನು ಆರಿಸಬೇಕು?

ಎರಡಕ್ಕೂ ವ್ಯತ್ಯಾಸವೇನು?

ಟರ್ಬೊ ಟ್ರೈನರ್ ಎಂದರೆ ಪೂರ್ತಿ ಸೈಕಲ್ ಅಲ್ಲ. ನಮ್ಮ ಸೈಕಲನ್ನೇ ನಿಂತಲ್ಲಿ ಓಡಿಸುವ ಒಂದು ಸ್ಟ್ಯಾಂಡು. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಟೈರಿಗೆ ಒಂದು ರೋಲರ್ ಒತ್ತಿ ನಿಲ್ಲುತ್ತದೆ. ಎರಡನೆಯದರಲ್ಲಿ ಹಿಂದಿನ ಗಾಲಿಯನ್ನೇ ಕಳಚಿ, ಟ್ರೈನರಿನಲ್ಲಿರುವ ಹಲ್ಲುಚಕ್ರಕ್ಕೆ ಚೈನು ಕೂರಿಸುತ್ತಾರೆ. ಇದನ್ನು 'ಡೈರೆಕ್ಟ್ ಡ್ರೈವ್' ಎನ್ನುತ್ತಾರೆ. ಟೈರು ಸವೆಯುವುದಿಲ್ಲ, ಸದ್ದು ಕಡಿಮೆ, ಅಳತೆಯೂ ಹೆಚ್ಚು ಕರಾರುವಾಕ್ಕು.

ಸ್ಮಾರ್ಟ್ ಬೈಕ್ ಹಾಗಲ್ಲ. ಅದು ಗಾಲಿಗಳೇ ಇಲ್ಲದ, ರಸ್ತೆಗೆ ಎಂದೂ ಇಳಿಯದ, ತನ್ನಷ್ಟಕ್ಕೆ ತಾನು ಪೂರ್ಣವಾದ ಯಂತ್ರ. ಸೀಟು, ಹ್ಯಾಂಡಲ್‌ಗಳನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಬಹುದು. ಗೇರುಗಳೂ ಅದರಲ್ಲಿ ನಿಜವಾದುವಲ್ಲ. ಗುಂಡಿ ಒತ್ತಿದರೆ ಯಂತ್ರವೇ ಗೇರು ಬದಲಾದ ಅನುಭವ ಕೊಡುತ್ತದೆ. ಜಿಮ್ಮುಗಳಲ್ಲಿರುವ ಹಳೆಯ ವ್ಯಾಯಾಮದ ಸೈಕಲ್ಲಿಗೂ ಇದಕ್ಕೂ ಅಜಗಜಾಂತರ. ಇದು ತುಳಿತದ ಶಕ್ತಿಯನ್ನು ವಾಟ್‌ಗಳಲ್ಲಿ ಅಳೆದು, ಬ್ಲೂಟೂತ್ ಮೂಲಕ ಮೊಬೈಲಿಗೋ ಕಂಪ್ಯೂಟರಿಗೋ ಕಳಿಸುತ್ತದೆ. ಪರದೆಯ ಮೇಲೆ ಬೆಟ್ಟ ಬಂದರೆ ಪೆಡಲ್ ಭಾರವಾಗುತ್ತದೆ, ಇಳಿಜಾರು ಬಂದರೆ ಹಗುರವಾಗುತ್ತದೆ. ಇಂದಿನ ಸ್ಮಾರ್ಟ್ ಟ್ರೈನರುಗಳೂ ಇದೇ ಕೆಲಸವನ್ನು ಮಾಡುತ್ತವೆ ಎಂಬುದನ್ನು ಮರೆಯಬಾರದು.

ಒಳಗಿರುವುದು ಪಿಯುಸಿ ಭೌತಶಾಸ್ತ್ರವೇ

ಈ ಯಂತ್ರಗಳ ಹೊಟ್ಟೆಯೊಳಗಿನ ಗುಟ್ಟು ದ್ವಿತೀಯ ಪಿಯುಸಿ ವಿಜ್ಞಾನ ಓದಿದವರಿಗೆ ಹೊಸದಲ್ಲ. ಪೆಡಲ್ ತುಳಿದಾಗ ಒಂದು ಭಾರವಾದ ಲೋಹದ ಚಕ್ರ ತಿರುಗುತ್ತದೆ. ಅದರ ಪಕ್ಕದಲ್ಲಿ ವಿದ್ಯುತ್ ಕಾಂತಗಳಿರುತ್ತವೆ. ಕಾಂತಕ್ಷೇತ್ರದಲ್ಲಿ ಲೋಹ ಚಲಿಸಿದಾಗ ಅದರೊಳಗೆ ಸುಳಿ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಲೆನ್ಸ್ ನಿಯಮದಂತೆ ಅದು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಕಾಂತಕ್ಕೆ ಕೊಡುವ ವಿದ್ಯುತ್ತನ್ನು ಹೆಚ್ಚಿಸಿದರೆ ತಡೆ ಹೆಚ್ಚು, ತಗ್ಗಿಸಿದರೆ ಕಡಿಮೆ. ಪರದೆಯ ಬೆಟ್ಟ ಕಾಲಿಗೆ ತಟ್ಟುವುದು ಹೀಗೆ.

ಲೆಕ್ಕವನ್ನೂ ಮಾಡಿ ನೋಡಬಹುದು. 55 ಕಿಲೊ ತೂಗುವ ಹುಡುಗಿ 10 ಕಿಲೊ ಸೈಕಲ್ ಮೇಲೆ, ನೂರು ಮೀಟರಿಗೆ 5 ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗುತ್ತಾಳೆ ಎನ್ನೋಣ. ಗುರುತ್ವದ ವಿರುದ್ಧ ಏರಲಿಕ್ಕೇ ಅವಳಿಗೆ ಸುಮಾರು 106 ವಾಟ್ ಬೇಕು. ಗಾಳಿಯ ತಡೆ, ಟೈರಿನ ಘರ್ಷಣೆ ಬೇರೆ. 150 ವಾಟ್‌ನಂತೆ ಒಂದು ಗಂಟೆ ತುಳಿದರೆ ಮಾಡಿದ ಕೆಲಸ 540 ಕಿಲೊಜೂಲ್. ದೇಹ ಆಹಾರದ ಶಕ್ತಿಯ ಐದನೇ ಒಂದರಿಂದ ನಾಲ್ಕನೇ ಒಂದು ಪಾಲನ್ನಷ್ಟೇ ಪೆಡಲಿಗೆ ತಲುಪಿಸಬಲ್ಲದು. ಆದ್ದರಿಂದ ಖರ್ಚಾಗುವುದು 500ರಿಂದ 650 ಕಿಲೊಕ್ಯಾಲೊರಿ. ಉಳಿದದ್ದೆಲ್ಲ ಶಾಖ. ಇದೇ ತುಳಿತದಿಂದ ಒಂದು ಯೂನಿಟ್ ವಿದ್ಯುತ್ತಿನಷ್ಟು ಕೆಲಸವಾಗಬೇಕಾದರೆ ಏಳು ಗಂಟೆಯ ಹತ್ತಿರ ಬೇಕು!

ರಸ್ತೆಯಲ್ಲಿ ಆ ಶಾಖವನ್ನು ಎದುರುಗಾಳಿ ಒಯ್ಯುತ್ತದೆ. ಕೋಣೆಯಲ್ಲಿ ಗಾಳಿ ಇಲ್ಲ. ಆದ್ದರಿಂದ ಯಾವ ಯಂತ್ರ ಕೊಂಡರೂ ಅದರ ಮುಂದೆ ಒಂದು ದೊಡ್ಡ ಫ್ಯಾನ್, ಪಕ್ಕದಲ್ಲಿ ನೀರಿನ ಬಾಟಲಿ, ಮೇಲೊಂದು ಟವೆಲ್ ಕಡ್ಡಾಯ. ಫ್ಯಾನಿಲ್ಲದೆ ತುಳಿದು ಬೇಗ ಸುಸ್ತಾದವರು ತಮಗೆ ಶಕ್ತಿಯೇ ಇಲ್ಲವೆಂದು ಎದೆಗುಂದುವುದುಂಟು.

ಹಣದ ಮಾತು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಮೊದಲು ನೆನಪಿಗೆ ಬರಬೇಕು. ಅಮೆರಿಕದ ವಾಹೂ ಕಂಪನಿ 2018ರಲ್ಲಿ 'ಕಿಕ್ಕರ್ ಕೋರ್' ಎಂಬ ಡೈರೆಕ್ಟ್ ಡ್ರೈವ್ ಟ್ರೈನರನ್ನು ಹೊರತಂದಾಗ ಅಲ್ಲಿನ ಬೆಲೆ 900 ಡಾಲರ್. ಅದೇ ಕಂಪನಿ ಮರುವರ್ಷ ತಂದ ಸ್ಮಾರ್ಟ್ ಬೈಕಿನ ಬೆಲೆ 3,500 ಡಾಲರ್. ಆಗಿನ ದರದಲ್ಲಿ ರೂಪಾಯಿಗೆ ತಿರುಗಿಸಿದರೆ ಒಂದು ಅರವತ್ತು ಸಾವಿರದ ಆಚೀಚೆ, ಇನ್ನೊಂದು ಎರಡೂವರೆ ಲಕ್ಷದ ಹತ್ತಿರ. ಆಮದು ಸುಂಕ, ಸಾಗಣೆಯ ಖರ್ಚು ಇದರ ಮೇಲೆ. ಬೆಲೆಗಳು ಏರಿಳಿದರೂ ಇವೆರಡರ ನಡುವಿನ ಅಂತರ ಮಾತ್ರ ದೊಡ್ಡದಾಗಿಯೇ ಉಳಿದಿದೆ. ಟೈರಿಗೆ ರೋಲರ್ ಒತ್ತುವ, ಕಂಪ್ಯೂಟರಿನ ಗೊಡವೆಯಿಲ್ಲದ ಸರಳ ಟ್ರೈನರ್ ಇವೆರಡಕ್ಕಿಂತ ಬಹಳ ಅಗ್ಗ.

ಕೊಂಡ ಮೇಲೂ ಖರ್ಚು ನಿಲ್ಲುವುದಿಲ್ಲ. ಪರದೆಯ ಮೇಲೆ ಊರೂರು ಸುತ್ತಿಸುವ 'ಜ್ವಿಫ್ಟ್'ನಂಥ ಆ್ಯಪ್‌ಗಳಿಗೆ ತಿಂಗಳ ಚಂದಾ ಉಂಟು. 2024ರಲ್ಲಿ ಜ್ವಿಫ್ಟ್ ತನ್ನ ಚಂದಾವನ್ನು ತಿಂಗಳಿಗೆ ಸುಮಾರು 15 ಡಾಲರಿನಿಂದ 20 ಡಾಲರಿಗೆ ಏರಿಸಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಅದೂ ಸಣ್ಣ ಮೊತ್ತವಲ್ಲ. ಆ್ಯಪ್ ಇಲ್ಲದೆಯೂ ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಬಹುದು ಎಂಬುದನ್ನು ಮಕ್ಕಳು ತಿಳಿದಿರಲಿ.

ಬೆಳೆಯುವ ದೇಹ

ಸ್ಮಾರ್ಟ್ ಬೈಕಿನ ಪರವಾಗಿ ಇರುವ ಬಲವಾದ ವಾದ ಇಲ್ಲಿದೆ. ಹರೆಯದಲ್ಲಿ ಹುಡುಗರು ಒಂದೇ ವರ್ಷದಲ್ಲಿ 9–10 ಸೆಂ.ಮೀ. ಬೆಳೆದುಬಿಡುವುದುಂಟು, ಹುಡುಗಿಯರದೂ ಹೆಚ್ಚು ಕಡಿಮೆ ಅದೇ ಕಥೆ. ಕಳೆದ ವರ್ಷ ಸರಿಹೊಂದಿದ ಸೈಕಲ್ ಈ ವರ್ಷ ಚಿಕ್ಕದಾಗುತ್ತದೆ. ಸೀಟು ತೀರ ತಗ್ಗಾದರೆ ಮಂಡಿಗೆ ನೋವು, ತೀರ ಎತ್ತರವಾದರೆ ಸೊಂಟಕ್ಕೆ. ಸ್ಮಾರ್ಟ್ ಬೈಕಿನಲ್ಲಿ ಒಂದೆರಡು ನಿಮಿಷದಲ್ಲಿ ಅಳತೆ ಬದಲಿಸಬಹುದು. ಬೆಳಿಗ್ಗೆ ಮಗಳು, ಮಧ್ಯಾಹ್ನ ಅಮ್ಮ, ಸಂಜೆ ಅಪ್ಪ – ಮೂವರೂ ತಮ್ಮ ತಮ್ಮ ಅಳತೆಯಲ್ಲಿ ತುಳಿಯಬಹುದು. ಮನೆಮಂದಿಯೆಲ್ಲ ನಿಜವಾಗಿ ಬಳಸಿದರೆ ತಲೆಗೆ ಬೀಳುವ ಖರ್ಚು ತಗ್ಗುತ್ತದೆ.

ಆದರೆ ಇಲ್ಲೂ ಒಂದು ಎಚ್ಚರಿಕೆ. ಈ ಯಂತ್ರಗಳು ದೊಡ್ಡವರಿಗಾಗಿ ಮಾಡಿದವು. ವಾಹೂ ಕಂಪನಿಯ ಬೈಕ್ ಹೊಂದುವುದು ಐದಡಿ, ಅಂದರೆ ಸುಮಾರು 152 ಸೆಂ.ಮೀ. ಎತ್ತರದಿಂದ ಮೇಲಿನವರಿಗೆ. ಏಳನೆಯ ತರಗತಿಯ ಮಗುವಿಗೆಂದು ತಂದು, ಕಾಲು ಎಟುಕದೆ ಎರಡು ವರ್ಷ ಬಟ್ಟೆ ಒಣಹಾಕುವ ಕಂಬವಾಗಿಸುವುದು ಬೇಡ.

ಟ್ರೈನರಿನ ಗುಣ-ದೋಷ

ಟರ್ಬೊ ಟ್ರೈನರಿನ ದೊಡ್ಡ ಗುಣವೆಂದರೆ, ಸ್ಪರ್ಧೆಯಲ್ಲಿ ಓಡಿಸುವ ಸೈಕಲ್ಲಿನ ಮೇಲೆಯೇ ಅಭ್ಯಾಸ. ಅದೇ ಸೀಟು, ಅದೇ ಹಿಡಿಕೆ, ಅದೇ ಬೆನ್ನಿನ ಬಾಗು. ಭಾನುವಾರ ಕಳಚಿ ರಸ್ತೆಗೆ ಒಯ್ಯಬಹುದು. ಸ್ಮಾರ್ಟ್ ಬೈಕುಗಳು 40–50 ಕಿಲೊ ತೂಗುತ್ತವೆ. ಒಮ್ಮೆ ಇಟ್ಟರೆ ಅಲ್ಲೇ ಸ್ಥಾವರ. ಟ್ರೈನರ್ 20 ಕಿಲೊ ಆಸುಪಾಸು. ಮಡಚಿ ಮಂಚದ ಕೆಳಗೆ ತಳ್ಳಬಹುದು, ಬಾಡಿಗೆ ಮನೆ ಬದಲಿಸುವಾಗ ಒಬ್ಬರೇ ಎತ್ತಬಹುದು.

ದೋಷಗಳೂ ಇವೆ. ಎಲ್ಲ ಸೈಕಲ್ಲುಗಳೂ ಎಲ್ಲ ಟ್ರೈನರಿಗೂ ಕೂರುವುದಿಲ್ಲ. ಹಿಂದಿನ ಅಚ್ಚಿನ ಅಗಲ 130, 135, 142 ಮಿ.ಮೀ. ಹೀಗೆ ಬೇರೆ ಬೇರೆ. ಹಲ್ಲುಚಕ್ರಗಳ ಸಂಖ್ಯೆಯೂ ಏಳರಿಂದ ಹನ್ನೆರಡರವರೆಗೆ. ಶಾಲೆಗೆ ಹೋಗುವ ಗೇರಿಲ್ಲದ, ನಟ್ಟು ಬಿಗಿದ ಸೈಕಲ್ ಬಹುತೇಕ ಡೈರೆಕ್ಟ್ ಡ್ರೈವ್ ಟ್ರೈನರುಗಳಿಗೆ ಒಗ್ಗದು. ಗುಬುಟಿನ ಟೈರಿನ ಮೌಂಟನ್ ಬೈಕನ್ನು ರೋಲರಿಗೆ ಒತ್ತಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುವುದು ಖಂಡಿತ. ಬೆವರಿನ ಉಪ್ಪು ಸೈಕಲ್ಲಿನ ಬೋಲ್ಟುಗಳನ್ನು ತಿನ್ನುತ್ತದೆ. ತುಳಿದ ಮೇಲೆ ಒರೆಸುವ ಅಭ್ಯಾಸ ಬೇಕು. ಕೊಳ್ಳುವ ಮೊದಲು ಸೈಕಲನ್ನೇ ಅಂಗಡಿಗೆ ಒಯ್ದು, ಕೂರಿಸಿ, ಹತ್ತು ನಿಮಿಷ ತುಳಿದು ನೋಡುವುದು ಜಾಣತನ.

ಕರೆಂಟಿನ ಪ್ರಶ್ನೆಯೂ ಇದೆ. ಹೆಚ್ಚಿನ ಸ್ಮಾರ್ಟ್ ಯಂತ್ರಗಳಿಗೆ ವಿದ್ಯುತ್ ಬೇಕು. ಟ್ಯಾಕ್ಸ್ ಕಂಪನಿಯ 'ನಿಯೋ'ದಂಥ ಕೆಲವು ಟ್ರೈನರುಗಳು ಮಾತ್ರ ತುಳಿತದಿಂದಲೇ ತಮಗೆ ಬೇಕಾದ ವಿದ್ಯುತ್ ಮಾಡಿಕೊಳ್ಳುತ್ತವೆ. ಸರಳ ಟ್ರೈನರುಗಳಿಗಂತೂ ಪ್ಲಗ್ಗೇ ಬೇಡ. ವಿದ್ಯುತ್ ಕೈಕೊಡುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಯಾರಿಗೆ ಯಾವುದು?

ಮಗ ಅಥವಾ ಮಗಳು ಈಗಾಗಲೇ ಗೇರಿನ ಸೈಕಲ್ ಇಟ್ಟುಕೊಂಡು ಸ್ಪರ್ಧೆಗಳಿಗೆ ಹೋಗುತ್ತಿದ್ದರೆ ಉತ್ತರ ಸ್ಪಷ್ಟ: ಟರ್ಬೊ ಟ್ರೈನರ್. ಉಳಿದ ಹಣ ಒಳ್ಳೆಯ ಹೆಲ್ಮೆಟ್ಟಿಗೆ, ಟೈರುಗಳಿಗೆ, ಊಟಕ್ಕೆ, ಪ್ರಯಾಣಕ್ಕೆ ಒದಗುತ್ತದೆ. 2020ರ ಆ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೂ ಸ್ಪರ್ಧಿಗಳಿಗೆ ಒದಗಿಸಿದ್ದು ಒಂದೇ ಮಾದರಿಯ ಟರ್ಬೊ ಟ್ರೈನರ್; ಸ್ಮಾರ್ಟ್ ಬೈಕ್ ಅಲ್ಲ. ಯಂತ್ರ ಅಗ್ಗವಾಯಿತೆಂದು ಯಾವ ವಿದ್ಯಾರ್ಥಿಯೂ ಕೀಳರಿಮೆ ಪಡಬೇಕಾಗಿಲ್ಲ.

ಸೈಕಲ್ಲೇ ಇಲ್ಲದ, ಮೂರು ನಾಲ್ಕು ಜನ ದಿನವೂ ಬಳಸುವ, ಜಾಗ ಮತ್ತು ಹಣ ಎರಡೂ ಇರುವ ಮನೆಗೆ ಸ್ಮಾರ್ಟ್ ಬೈಕ್ ಒಪ್ಪುತ್ತದೆ. ಶಾಲೆ, ಕಾಲೇಜು, ಕ್ರೀಡಾನಿಲಯಗಳಿಗೂ ಅದು ಯೋಗ್ಯ. ಬೇರೆ ಬೇರೆ ಎತ್ತರದ ಹತ್ತಾರು ಮಕ್ಕಳು ಸರದಿಯಲ್ಲಿ ತುಳಿಯಬಹುದು.

ಆಸಕ್ತಿ ಎಷ್ಟು ದಿನ ಇರುತ್ತದೋ ಗೊತ್ತಿಲ್ಲದ ಹೊಸಬರಿಗೆ ಎರಡೂ ಬೇಡ. ಮೊದಲು ಒಂದು ಒಳ್ಳೆಯ ಸೈಕಲ್ ಸಾಕು. ಆರು ತಿಂಗಳು ಅದನ್ನು ಬಿಡದೆ ತುಳಿದರೆ ಸರಳ ಟ್ರೈನರ್. ಅದನ್ನೂ ಬಿಡದಿದ್ದರೆ ಆಗ ಸ್ಮಾರ್ಟ್ ಟ್ರೈನರ್. ಹೀಗೆ ಮೆಟ್ಟಿಲು ಹತ್ತಿದರೆ ಹಣವೂ ಉಳಿಯುತ್ತದೆ, ಮಗುವಿನ ಮನಸ್ಸೂ ತಿಳಿಯುತ್ತದೆ.

ಯಂತ್ರ ಕಲಿಸದ ಪಾಠ

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮತ್ತೆ ಒತ್ತಿ ಹೇಳಿತು. ಪರೀಕ್ಷೆಯ ವರ್ಷದಲ್ಲೂ ಬೆಳಗಿನ ಅರ್ಧ ಗಂಟೆಯ ತುಳಿತ ಓದಿಗೆ ಅಡ್ಡಿಯಲ್ಲ. ಆರಂಭದಲ್ಲಿ 20 ನಿಮಿಷ, ಮಾತನಾಡುತ್ತ ತುಳಿಯಬಹುದಾದಷ್ಟು ಹಗುರವಾಗಿ. ತಿಂಗಳ ನಂತರ ನಿಧಾನವಾಗಿ ಹೆಚ್ಚಿಸಬಹುದು. ಉಬ್ಬಸ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಪುಟ್ಟ ತಮ್ಮ ತಂಗಿಯರಿರುವ ಮನೆಯಲ್ಲಿ ತಿರುಗುವ ಚಕ್ರದ ಬಳಿ ಅವರ ಬೆರಳು ಹೋಗದಂತೆ ನೋಡಿಕೊಳ್ಳಬೇಕು.

ಕಡೆಗೆ ಒಂದು ಮಾತು. ಯಂತ್ರ ಕಾಲಿಗೆ ಬಲ ಕೊಡುತ್ತದೆ, ಶ್ವಾಸಕ್ಕೆ ದಮ್ಮು ಕೊಡುತ್ತದೆ. ಆದರೆ ತಿರುವಿನಲ್ಲಿ ವಾಲುವುದು, ಸಮಯಕ್ಕೆ ಬ್ರೇಕ್ ಒತ್ತುವುದು, ಗುಂಪಿನಲ್ಲಿ ಪಕ್ಕದವರ ಮೊಣಕೈಗೆ ತಾಗದೆ ಸಾಗುವುದು, ಗುಂಡಿ ಕಂಡ ಕ್ಷಣ ಹ್ಯಾಂಡಲ್ ಹೊರಳಿಸುವುದು – ಇವನ್ನು ಅಲುಗಾಡದ ಸೈಕಲ್ ಕಲಿಸಲಾರದು. ಮನೆಯೊಳಗೆ ಎಷ್ಟೇ ತುಳಿದರೂ ವಾರಕ್ಕೊಮ್ಮೆ, ನಸುಕಿನ ಖಾಲಿ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ಬಲ್ಲವರ ಜೊತೆ ಹೊರಗೆ ಹೋಗಲೇಬೇಕು. ಅಂಗಡಿಯಲ್ಲಿ ಯಂತ್ರದ ಬೆಲೆ ಕೇಳುವ ಮೊದಲು ಹೆತ್ತವರು ಮಗುವನ್ನು ಕೇಳಬೇಕಾದ ಪ್ರಶ್ನೆ ಒಂದೇ: 'ಇದನ್ನು ತುಳಿದು ನೀನು ಎಲ್ಲಿಗೆ ಹೋಗಬೇಕೆಂದಿದ್ದೀಯ?' ಉತ್ತರ ಸ್ಪಷ್ಟವಾಗಿದ್ದರೆ ಆಯ್ಕೆಯೂ ಸುಲಭ.