ಎಡಗಡೆ ಕೈಬರಹ, ಬಲಗಡೆ ಪುಟ

ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಹಬ್ಬದ ಪಾಂಪ್ಲೆಟ್ಟು ದಿನವೂ ಇದ್ದದ್ದೇ. ನಡುನಡುವೆ ಯಾರಾದರೂ ಪುಸ್ತಕದ ಕೈಬರಹ ತಂದುಕೊಡುತ್ತಾರೆ. ಅಂಥ ಕೆಲಸಕ್ಕೆ ಎರಡು ಮಾನಿಟರ್ ಬೇಕೇ ಬೇಕು. ಎಡಗಡೆ ಸ್ಕ್ಯಾನ್ ಮಾಡಿದ ಕೈಬರಹ, ಬಲಗಡೆ ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟಿನ ಪುಟ. ಒಂದು ಒತ್ತಕ್ಷರ, ಒಂದು ದೀರ್ಘ ಬಿಡದೆ ಸಾಲು ಸಾಲು ತಾಳೆ ನೋಡುವಾಗ ಕಣ್ಣು ತಾನಾಗಿ ಅತ್ತಿತ್ತ ಹೋಗಿಬರಬೇಕು. ನಡುವೆ ವಿಂಡೋ ಹುಡುಕುತ್ತ ಕೂತರೆ ಒಂದು ಸಾಲೇ ಹಾರಿಹೋಗಬಹುದು, ಅದು ಅಚ್ಚಾದ ಮೇಲೆ ಬರೆದವರ ಹೆಸರಿಗೇ ಅಂಟಿಕೊಳ್ಳುತ್ತದೆ. ಹಾಗಾಗಿ ವಿಂಡೋಗಳು ಇಟ್ಟಲ್ಲೇ ಇರಬೇಕು ಎನ್ನುವುದನ್ನು ನಾನು ಸಣ್ಣ ವಿಷಯ ಎಂದುಕೊಳ್ಳುವುದಿಲ್ಲ.

ಆದರೆ ಅವು ಇರುವುದಿಲ್ಲ. ಕಾಫಿ ಕುಡಿದು ಬರುವಷ್ಟರಲ್ಲಿ ಪರದೆಗಳು ಕಪ್ಪಾಗಿರುತ್ತವೆ. ಮೌಸ್ ಅಲ್ಲಾಡಿಸಿದರೆ ಎಡಗಡೆ ಇದ್ದದ್ದೆಲ್ಲ ಬಲಗಡೆಗೆ ಬಂದು ಒಂದರ ಮೇಲೊಂದು ಕೂತಿರುತ್ತದೆ.

ಇದಕ್ಕೆ ಕಾರಣ ಹೆಚ್ಚಾಗಿ ಕೇಬಲ್ಲಿನಲ್ಲಿದೆ. ತಾನು ಯಾವ ಮಾನಿಟರ್, ತನ್ನ ಅಳತೆ ಎಷ್ಟು ಎಂದು ಪ್ರತಿ ಮಾನಿಟರ್ ಕಂಪ್ಯೂಟರಿಗೆ ತಿಳಿಸುತ್ತದೆ. ಆ ಮಾಹಿತಿಗೆ ಇಡಿಐಡಿ ಎಂದು ಹೆಸರು. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಅನೇಕ ಮಾನಿಟರುಗಳು ಮಲಗಿದಾಗ ಅಥವಾ ಆರಿದಾಗ ‘ನಾನಿದ್ದೇನೆ’ ಎನ್ನುವ ಸಂಕೇತವನ್ನೇ ನಿಲ್ಲಿಸಿಬಿಡುತ್ತವೆ. ಮಾನಿಟರನ್ನು ಯಾರೋ ಕಿತ್ತರು ಎಂದುಕೊಂಡ ಕಂಪ್ಯೂಟರ್ ಅದರ ಮೇಲಿದ್ದ ವಿಂಡೋಗಳನ್ನು ಉಳಿದ ಪರದೆಗೆ ಸಾಗಿಸುತ್ತದೆ. ಸಾಗಿಸದಿದ್ದರೆ ಅವು ನಮ್ಮ ಕೈಗೇ ಸಿಗುವುದಿಲ್ಲವಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಈ ಕಾಟ ಸಾಮಾನ್ಯವಾಗಿ ಕಡಿಮೆ.

ನಮ್ಮಂಥ ಕಡೆ ಕರೆಂಟಿನದೂ ಒಂದು ಪಾಲಿದೆ. ಯುಪಿಎಸ್ ಹಿಂದೆ ಪ್ಲಗ್ಗಿಗೆ ಜಾಗ ಕಡಿಮೆ ಎಂದು ಸಿಪಿಯು ಮತ್ತು ಒಂದು ಮಾನಿಟರನ್ನು ಅದಕ್ಕೆ ಕೊಟ್ಟು, ಎರಡನೆಯದನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕುವುದು ರೂಢಿ. ಕರೆಂಟು ಹೋದ ತಕ್ಷಣ ಎರಡನೆಯದು ಆರುತ್ತದೆ, ಅದರ ವಿಂಡೋಗಳೆಲ್ಲ ಮೊದಲನೆಯದಕ್ಕೆ ಬರುತ್ತವೆ. ‘ಸಂಜೆಗೇ ಬೇಕು ಕಣಕ್ಕ’ ಎಂದು ಮದುವೆ ಮನೆಯವರು ಪಕ್ಕದಲ್ಲೇ ಕೂತಿರುವಾಗ ಇದು ಆದರೆ ಬಹಳ ಕಷ್ಟ. ಎರಡು ಮಾನಿಟರನ್ನೂ ಯುಪಿಎಸ್‌ಗೇ ಕೊಡಿ. 22 ಇಂಚಿನ ಎಲ್‌ಇಡಿ ಮಾನಿಟರ್ ಎಳೆಯುವುದು ಸುಮಾರು 20–25 ವ್ಯಾಟ್ ಅಷ್ಟೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಹಾಕಬೇಡಿ, ಬಿಸಿಯಾಗುವಾಗ ಅದು ವಿಪರೀತ ಕರೆಂಟು ಎಳೆಯುತ್ತದೆ.

2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಮಲ್ಟಿಪಲ್ ಡಿಸ್‌ಪ್ಲೇಸ್ ತೆರೆದು ‘ರಿಮೆಂಬರ್ ವಿಂಡೋ ಲೊಕೇಶನ್ಸ್’ ಎಂದು ಶುರುವಾಗುವ ಸಾಲಿಗೆ ಟಿಕ್ ಹಾಕಿ. ಮಾನಿಟರ್ ಮತ್ತೆ ಎದ್ದಾಗ ವಿಂಡೋಗಳು ತಮ್ಮ ಜಾಗಕ್ಕೆ ಹಿಂತಿರುಗುತ್ತವೆ.

2001ರ ಪೇಜ್‌ಮೇಕರ್ 7ನ್ನು ನಂಬಿಕೊಂಡ ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರುಗಳೂ ಹಾಗೇ ಉಳಿದಿವೆ. ವಿಂಡೋಸ್ 10ರಲ್ಲಿ ಈ ಟಿಕ್ ಇಲ್ಲ, 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವೂ ಮುಗಿಯಿತು. ಅಂಥ ಕಡೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಪರದೆ ಆರಿಸುವ ಅವಧಿಯನ್ನು ‘ನೆವರ್’ ಮಾಡಿ, ಸ್ಕ್ರೀನ್ ಸೇವರ್ ‘ಬ್ಲ್ಯಾಂಕ್’ ಇಡಿ. ಪರದೆ ಕಪ್ಪಾಗುತ್ತದೆ, ಸಂಪರ್ಕ ಕಡಿಯುವುದಿಲ್ಲ. ಸ್ವಲ್ಪ ಕರೆಂಟು ಹೆಚ್ಚು ಖರ್ಚಾಗುತ್ತದೆ, ಆಗಲಿ.

ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್‌ನಲ್ಲಿ ಫ್ಯಾನ್ಸಿಝೋನ್ಸ್ ಎಂಬುದಿದೆ, ನನಗೆ ತುಂಬ ಇಷ್ಟವಾದದ್ದು ಅದು. ಪರದೆಯನ್ನು ನಮಗೆ ಬೇಕಾದ ಹಾಗೆ ಭಾಗ ಮಾಡಿಕೊಂಡು, ಶಿಫ್ಟ್ ಒತ್ತಿ ಹಿಡಿದು ವಿಂಡೋ ಎಳೆದರೆ ಅದು ಆ ಭಾಗಕ್ಕೆ ಸರಿಯಾಗಿ ಕೂರುತ್ತದೆ. ಮುಚ್ಚಿ ತೆರೆದರೂ ಹಿಂದಿನ ಭಾಗಕ್ಕೇ ಹೋಗುವಂತೆ ಹೇಳಿಡಬಹುದು. ನನ್ನ ಎಡ ಪರದೆಯಲ್ಲಿ ಮೇಲಿನ ಮುಕ್ಕಾಲು ಭಾಗ ಕೈಬರಹಕ್ಕೆ. ಕೆಳಗಿನ ಪಟ್ಟಿ ನಿಘಂಟಿಗೆ, ಳಕಾರ ಲಕಾರದ ಅನುಮಾನ ಬಂದರೆ ಅಲ್ಲೇ ನೋಡಿಬಿಡಬಹುದು.